ಹೊಳೆಯ ನಡುವಿನ ಖಾಲಿ ಜಾಗ

ಮಧ್ಯಾಹ್ನ ಊಟ ಮುಗಿಸಿ ಸ್ಟುಡಿಯೋದ ಬೆಂಚಿನ ಮೇಲೆ ಕಾಲು ಚಾಚಿದ ಮೇಲೆ ನಾನು ಯಾರ ಕೈಗೂ ಸಿಗುವವನಲ್ಲ. ಹಾಗಂತ ಬಾಗಿಲಿಗೆ ಬೋರ್ಡು ತೂಗುಹಾಕುವುದೊಂದು ಬಾಕಿ. ವಯಸ್ಸು ಎಪ್ಪತ್ತೆರಡಾಯಿತು. ಎಡಗಣ್ಣಿನ ಪೊರೆ ತೆಗೆಸಿದ್ದಾಗಿದೆ, ಬಲಗಣ್ಣಿನದ್ದು ತೆಗೆಸಬೇಕು, ಮಂಡಿಯ ವಿಷಯ ಹೇಳಿ ಪ್ರಯೋಜನವಿಲ್ಲ. ಕುಂದಾಪುರ ಪೇಟೆಯ ಈ ಇಕ್ಕಟ್ಟು ಅಂಗಡಿಯಲ್ಲಿ ಒಂದು ಕಾಲಕ್ಕೆ ಮದುಮಕ್ಕಳು ಸರದಿ ಕಾಯುತ್ತಿದ್ದರು. ಈಗ ಬರುವವರು ಆಧಾರ್ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಲು ಬರುತ್ತಾರೆ. ಅದೂ ಪಕ್ಕದ ಜೆರಾಕ್ಸ್ ಅಂಗಡಿ ಮುಚ್ಚಿದ್ದರೆ ಮಾತ್ರ.

ಸುಧೀರ ಬಂದದ್ದು ಅಂಥ ಹೊತ್ತಿಗೇ. ತಲ್ಲೂರಿನಾಚೆ ಹೊಳೆಯಲ್ಲಿ ಬೋಟು ಬಿಟ್ಟು ದಡದಲ್ಲಿ ಕಾಟೇಜು ಕಟ್ಟಲು ಹೊರಟಿರುವ ಒಂದು ಕಂಪನಿಯ ಮ್ಯಾನೇಜರು ಅವನು. ಊರು ನಾವುಂದ. ಅವನ ಅಕ್ಕನ ಮದುವೆಗೆ ಬೈಂದೂರಿಗೆ ಹೋಗಿ ಫೋಟೋ ತೆಗೆದವನು ನಾನೇ. ಕಂಕುಳಲ್ಲಿ ಹಾಸಿಗೆ ಹೊದಿಕೆಯಲ್ಲಿ ಸುತ್ತಿದ ದೊಡ್ಡ ಚೌಕಟ್ಟೊಂದನ್ನು ಹಿಡಿದುಕೊಂಡಿದ್ದ.

"ಹ್ವಾಯ್ ರಾಜೀವಣ್ಣ, ಮಲ್ಕಂಡಿದ್ರ್ಯಾ? ಒಂದ್ ಸಣ್ಣ ಕೆಲ್ಸ ಇತ್."

"ಸಣ್ಣ ಕೆಲ್ಸ ಆರೆ ಪಕ್ಕದಂಗಡಿಗೆ ಹೋಗ್ ಮಾರಾಯ."

ಅವನು ನಗುತ್ತಾ ಹೊದಿಕೆ ಬಿಚ್ಚಿ ಚೌಕಟ್ಟನ್ನು ಗೋಡೆಗೆ ಒರಗಿಸಿದ. ನಾನು ಎದ್ದು ಕೂತೆ. ಅದು ನನ್ನದೇ ಕೆಲಸ. ಐವತ್ತು ವರ್ಷಗಳಿಂದ ನನ್ನ ಹೆಸರನ್ನು ನಾಲ್ಕು ಜನರ ಬಾಯಲ್ಲಿ ಉಳಿಸಿದ ಒಂದೇ ಕೆಲಸ.

ಅದರ ಅಸಲು 1874ರದ್ದು. ಸೇತುವೆಗೆ ಜಾಗ ನೋಡಲು ಬಂದಿದ್ದ ಯಾರೋ ಬ್ರಿಟಿಷ್ ದೊರೆ, ಸಮುದ್ರದ ಇಳಿತದ ಹೊತ್ತಿನಲ್ಲಿ ನೀರು ಬಿಟ್ಟುಕೊಟ್ಟ ಹೊಳೆಯ ತಳವನ್ನು ತೆಗೆದ ಚಿತ್ರ. ಮೊಟ್ಟೆಯ ಬಿಳಿ ಹಚ್ಚಿ ಮಾಡಿದ ಕಾಗದದ ಮೇಲೆ ಮುದ್ರಿಸಿದ್ದು, ಬಣ್ಣ ಕಾಸಿದ ಚಹಾದ ಹಾಗೆ. ಆ ಪ್ರಿಂಟು ಹೊಳೆದಡದಲ್ಲಿದ್ದ ಹಂಚಿನ ಕಾರ್ಖಾನೆಯ ಧಣಿಗಳ ಮನೆಯಲ್ಲಿತ್ತು. 1972ರಲ್ಲಿ ಅವರು ಅದನ್ನು ನನ್ನ ಗುರು ಭೋಜರಾಜ ಮಾಸ್ಟರಿಗೆ ಕೊಟ್ಟು, ಆಫೀಸಿನ ಗೋಡೆಗೆ ಮೂರು ಅಡಿಯ ಪಟ ಮಾಡಿಸಿಕೊಂಡರು. ಮಾಸ್ಟರು ಅದರಿಂದ ಹೊಸ ನೆಗೆಟಿವ್ ತೆಗೆದರು. ಟಚಿಂಗ್ ಮಾಡಿದವನು ನಾನು. ಅಸಲನ್ನು ಆಮೇಲೆ ಗೆದ್ದಲು ತಿಂದಿತು. ಕಾರ್ಖಾನೆ ಮುಚ್ಚಿತು, ಜಾಗ ಈ ಕಂಪನಿಗೆ ಹೋಯಿತು, ಗೋಡೆಯ ಜೊತೆಗೆ ಪಟವೂ.

"ಇದ್ರ್ ವಿಶೇಷ ಎಂತ ಅಂತ ಒಂಚೂರ್ ಹೇಳಿ ಕಾಂಬ," ಅಂದ ಸುಧೀರ.

ನನ್ನ ದೌರ್ಬಲ್ಯ ಅವನಿಗೆ ಗೊತ್ತಿತ್ತೋ ಏನೋ. ಈ ಚಿತ್ರದ ಬಗ್ಗೆ ಕೇಳಿದರೆ ನನ್ನ ಮಂಡಿಯೂ ನೋಯುವುದಿಲ್ಲ. ಹೇಳತೊಡಗಿದೆ. ನೋಡು, ಬಾನಂಚನ್ನು ಎಷ್ಟು ಮೇಲೆ ಇಟ್ಟಿದ್ದಾನೆ. ಆಕಾಶಕ್ಕೆ ಒಂದು ಪಟ್ಟಿ ಮಾತ್ರ, ಅದೂ ಖಾಲಿ ಬಿಳಿ. ಆಗಿನ ಗಾಜಿನ ಪ್ಲೇಟಿಗೆ ನೀಲಿಯೂ ಬಿಳಿಯೂ ಒಂದೇ, ಹಾಗಾಗಿ ಮೋಡ ಮೂಡುತ್ತಿರಲಿಲ್ಲ. ಉಳಿದ ಮುಕ್ಕಾಲು ಪಾಲು ಬರೀ ಹೊಳೆಯ ತಳ. ಮುಂದಿನ ಕಲ್ಲುಗಳ ಮೇಲಿನ ಪಾಚಿಯನ್ನೂ ಎಣಿಸಬಹುದು. ಬಲಗಡೆಯಿಂದ ನೀರಿನ ಕಾಲುವೆ ಬಳುಕಿಕೊಂಡು ಮೇಲಕ್ಕೆ ಹೋಗಿದೆ, ಹಾಲು ಚೆಲ್ಲಿದ ಹಾಗೆ ನುಣ್ಣಗೆ. ಎಂಟ್ಹತ್ತು ಸೆಕೆಂಡು ಲೆನ್ಸ್ ತೆರೆದಿಟ್ಟರೆ ಹರಿಯುವ ನೀರು ಹಾಗಾಗುತ್ತದೆ. ತೆಂಗಿನ ಕಾಂಡ ಚೂಪಾಗಿದೆ, ಗರಿ ಮಸುಕಾಗಿದೆ, ಅಂದರೆ ಗಾಳಿಯಿತ್ತು. ಎಡಕ್ಕೆ ವಾಲಿದ ಒಂದು ದೋಣಿ. ಹೊಯ್ಗೆಯ, ಅಂದರೆ ಮರಳಿನ, ಮೇಲಿನ ಅಲೆಗೆರೆಗಳೆಲ್ಲ ಓರೆಯಾಗಿ ಬಂದು ನಡುವಿಗೆ ಸೇರುತ್ತವೆ. ಆ ನಡುವಿನಲ್ಲಿ ಏನೂ ಇಲ್ಲ. ಇಷ್ಟೆಲ್ಲ ಗೆರೆಗಳು ಕಣ್ಣನ್ನು ಕೈಹಿಡಿದು ಕರೆತಂದು ಬಿಡುವುದು ಒಂದು ಖಾಲಿ ಜಾಗಕ್ಕೆ. ಅದೇ ಇದರ ಜೀವ.

ಬ್ರಹ್ಮಾವರದ ಕ್ಯಾಮೆರಾ ಕ್ಲಬ್ಬಿನಲ್ಲಿ ಇದೇ ಮಾತನ್ನು ಮೂರು ಸಲ ಭಾಷಣದಲ್ಲಿ ಹೇಳಿದ್ದೇನೆ. ಕೊನೆಯ ವಾಕ್ಯಕ್ಕೆ ಮೂರು ಸಲವೂ ಚಪ್ಪಾಳೆ ಬಿದ್ದಿದೆ.

"ಅದೇ ನಂಗೆ ಬೇಕಾದ್," ಅಂದ ಸುಧೀರ. "ನೂರೈವತ್ ವರ್ಷದ ಹಿಂದೂ ಅಲ್ಲ್ ಒಬ್ರೂ ಇಲ್ಲ. ಇದ್ ಅಸಲಿ ಫೋಟೋದ ಯಥಾವತ್ ಕಾಪಿ ಅಂದೇಳಿ ಒಂದ್ ಕಾಗ್ದ ಬರ್ದ್ ಕೊಡಿ. ತಾಲೂಕ್ ಆಫೀಸಂಗೆ ಒಂದ್ ವಿಚಾರಣೆ ಇತ್."

ಯಾವ ವಿಚಾರಣೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನಿದ್ದೆ ಬರುತ್ತಿತ್ತು, ಹೊಗಳಿಕೆಯೂ ಹಿತವಾಗಿತ್ತು. ಲೆಟರ್‌ಹೆಡ್ಡಿನಲ್ಲಿ ಬರೆದು ಸೀಲು ಒತ್ತಿ ಕೊಟ್ಟೆ. ಸೀಲಿನ ಶಾಯಿ ಒಣಗಿ ಹೋಗಿತ್ತು, ಎಂಜಲು ಹಚ್ಚಿ ಒತ್ತಿದೆ.

ಮೂರನೆಯ ದಿನ ಸುಗುಣ ಬಂದಳು. ಹೊಳೆಯಲ್ಲಿ ತಿನ್ನುವ ಚಿಪ್ಪುಮೀನು ಹೆಕ್ಕಿ ಮಾರುವ ಹೆಂಗಸರಲ್ಲಿ ಈಗ ಅವಳೇ ಹಿರಿಯಳು. ಅವಳ ತಾಯಿಯೂ ನನ್ನ ತಾಯಿಯೂ ಒಂದೇ ಸಾಲಿನಲ್ಲಿ ಬಗ್ಗಿ ಹೆಕ್ಕಿದವರು. ಅಂಗಡಿಯ ಒಳಗೆ ಬರದೆ ಮೆಟ್ಟಿಲ ಮೇಲೆಯೇ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಜಗಳಕ್ಕೆ ಬಂದವಳ ಹಾಗೆ ಕಾಣಲಿಲ್ಲ. ಜಗಳವಾಡಲು ಬೇಕಾದ ತ್ರಾಣವೂ ಅವಳಲ್ಲಿ ಇದ್ದಂತಿರಲಿಲ್ಲ.

"ರಾಜೀವಣ್ಣ, ನೀವ್ ಕಂಪ್ನಿಯೋರಿಗೆ ಕಾಗ್ದ ಬರ್ದ್ ಕೊಟ್ರಿ ಅಂಬ್ರಲೆ."

"ಫೋಟೋದ್ ಬಗ್ಗೆ ಬರ್ದದ್. ಎಂತ ಆಯ್ತ್?"

ಆಗ ಅವಳು ಹೇಳಿದಳು. ಕಂಪನಿಯವರು ದಡದಿಂದ ಹೊಯ್ಗೆ ದಿಬ್ಬದವರೆಗೆ ಕಂಬ ನೆಟ್ಟು ಹಗ್ಗ ಕಟ್ಟುತ್ತಾರೆ, ಆ ಜಾಗ ಬೋಟಿಗೆ ಬೇಕಂತೆ. ಕಟ್ಟಿದ ಮೇಲೆ ಹೆಂಗಸರು ಇಳಿಯುವಂತಿಲ್ಲ. ತಲೆತಲಾಂತರದಿಂದ ಇಲ್ಲಿ ಹೆಕ್ಕುತ್ತಿದ್ದೇವೆ ಅಂತ ಇವರು ಅರ್ಜಿ ಕೊಟ್ಟಿದ್ದಾರೆ. ತಲೆತಲಾಂತರಕ್ಕೆ ಕಾಗದ ಎಲ್ಲಿ ಅಂತ ಆ ಕಡೆಯ ವಕೀಲರು ಕೇಳಿದ್ದಾರೆ, ತಮ್ಮ ಕಡೆಯ ಕಾಗದವಾಗಿ ನನ್ನದನ್ನು ಇಟ್ಟಿದ್ದಾರೆ.

"ಹನ್ನೊಂದ್ ಮನಿ ಅದ್ರಂಗೇ ಉಂಬುದ್," ಅಂದಳು. "ನಮ್ಗೆ ಬೇರೆ ಹೊಳಿ ಇಲ್ಲೆ. ನೀವ್ ಬರ್ದದ್ ಸುಳ್ಳ್ ಅಂತ ನಾ ಹೇಳ್ತಿಲ್ಲೆ. ಒಂದ್ಸಲ ಕಾಂಬ ಅಂತ ಬಂದೆ."

ಗೋಡೆಯ ಮೇಲೆ ನನ್ನದೇ ಒಂದು ಸಣ್ಣ ಪ್ರತಿಯಿದೆ. ಎದ್ದು ಬಂದು ಅದರ ಎದುರು ನಿಂತಳು. ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಬಾನಂಚು, ಹಾಲಿನಂಥ ನೀರು, ಪಾಚಿ, ಇದಾವುದರ ಕಡೆಗೂ ಅವಳ ಕಣ್ಣು ಹೋಗಲಿಲ್ಲ. ನೇರ ನಡುವಿಗೇ ಬೆರಳಿಟ್ಟಳು.

"ಹೊಯ್ಗಿ ಇಷ್ಟ್ ಎದ್ದಿತ್. ಪೂರ್ತಿ ಇಳ್ತ. ಇಂಥ ಹೊತ್ತಿಗೆ ಹೊಳಿಯಂಗೆ ಯಾರೂ ಇಲ್ದೇ ಇಪ್ಪುಕಿತ್ತಾ?"

ಇದೇ ಪ್ರಶ್ನೆಯನ್ನು ಇದೇ ಅಂಗಡಿಯಲ್ಲಿ, ಇದು ಮಾಸ್ಟರ ಸ್ಟುಡಿಯೋ ಆಗಿದ್ದಾಗ, ಇನ್ನೊಬ್ಬಳು ಕೇಳಿದ್ದಳು, ನನ್ನ ತಾಯಿ.

ದೊಡ್ಡ ಪಟವನ್ನು ಒಣಗಲು ಹಾಕಿದ್ದ ದಿನ ಅದು. ಅಮ್ಮ ನನಗೆ ಗಂಜಿ ಊಟ ತಂದಿದ್ದಳು. ಮೈಯಿಂದ ಹೊಳೆಯ ಕೆಸರಿನ ವಾಸನೆ ಬರುತ್ತಿತ್ತು. ಬೇಗ ಕೊಟ್ಟು ಹೋಗಲಿ ಎಂದು ನಾನು ಚಡಪಡಿಸುತ್ತಿದ್ದೆ, ಒಳಗೆ ಧಣಿಗಳು ಕೂತಿದ್ದರು. ಅವಳೋ ಪಟದ ಮುಂದೆಯೇ ನಿಂತುಬಿಟ್ಟಳು. ಎಷ್ಟೋ ಹೊತ್ತು ನೋಡಿ, "ನೀರ್ ಕಾಂಬುಕೆ ಯಾರೂ ನಿಂತಿಲ್ಲ್ಯಾ ಮಗಾ?" ಅಂದಳು.

ಅದೊಂದು ಪದ್ಧತಿ, ಈಗಲೂ ಇದೆ. ಇಳಿತಕ್ಕೆ ಹೆಂಗಸರು ಹೊಯ್ಗೆಗೆ ಇಳಿದು, ತೆಂಗಿನ ಗೆರಟೆಯಿಂದ ಕೆರೆದು ಚಿಪ್ಪು ಹೆಕ್ಕುತ್ತಾರೆ. ಬಗ್ಗಿದವರಿಗೆ ಪಡುವಣದಿಂದ ಭರತದ ನೀರು ಏರಿ ಬರುವುದು ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಹಿಂದಿನ ಕಾಲುವೆ ತುಂಬಿ ದಡ ದೂರವಾಗಿರುತ್ತದೆ. ಅದಕ್ಕೆ ಸರದಿಯ ಮೇಲೆ ಒಬ್ಬಳು ಬರಿಗೈಯಲ್ಲಿ ನಡುವೆ ನೆಟ್ಟಗೆ ನಿಂತು ನೀರು ಕಾಯಬೇಕು. ಹೆಕ್ಕುವಂತಿಲ್ಲ, ಕೂರುವಂತಿಲ್ಲ, ಆಚೀಚೆ ನಡೆದಾಡುವಂತಿಲ್ಲ. ನೀರು ತಿರುಗಿದ ಕೂಡಲೇ ಕೂಗು ಹಾಕಬೇಕು. ದಡಕ್ಕೆ ಬಂದ ಮೇಲೆ ಎಲ್ಲರೂ ಒಂದೊಂದು ಬೊಗಸೆ ಚಿಪ್ಪನ್ನು ಅವಳ ಬುಟ್ಟಿಗೆ ಹಾಕುತ್ತಾರೆ.

ಅಮ್ಮನಿಗೆ ನಾನು ಹೇಳಿದ ಉತ್ತರ ಇವತ್ತಿಗೂ ಬಾಯಿಪಾಠವಿದೆ. "ಅದ್ ಚಿತ್ರ ಅಬ್ಬಿ, ಅದ್ರಂಗೆ ಭರ್ತ ಬತ್ತಿಲ್ಲೆ. ನೀ ಮನಿಗ್ ಹೋಗ್." ಒಳಗೆ ಧಣಿಗಳು ನಕ್ಕಿದ್ದು ಕೇಳಿಸಿತು. ನನಗೂ ನಗು ಬಂದಿತ್ತು.

"ಹೋಗ್ ಸುಗುಣ," ಅಂದೆ. "ವಿಚಾರಣೆ ಯಾವತ್ತ್?"

"ಸೋಮವಾರ."

"ಕಾಂಬ."

ಅವಳು ಹೋದ ಮೇಲೆ ಬಾಗಿಲು ಅರ್ಧ ಎಳೆದು, ಏಣಿ ಹಾಕಿ, ಅಟ್ಟದ ಟ್ರಂಕು ಇಳಿಸಿದೆ. ಈ ವಯಸ್ಸಿನಲ್ಲಿ ಮಾಡಬಾರದ ಕೆಲಸ. ಭೋಜರಾಜ ಮಾಸ್ಟರ ನೆಗೆಟಿವ್‌ಗಳೆಲ್ಲ ಅದರಲ್ಲಿವೆ. ಅರ್ಧಕ್ಕರ್ಧ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿವೆ. ಹೊಳೆಯ ನೆಗೆಟಿವ್ ಮಾತ್ರ ನಾನೇ ಎರಡೆರಡು ಲಕೋಟೆಯಲ್ಲಿ ಇಟ್ಟಿದ್ದರಿಂದ ಒಂದು ಅಂಚು ಬಿಟ್ಟರೆ ಚೆನ್ನಾಗಿತ್ತು. ಹತ್ತು ಇಂಚಿಗೆ ಹನ್ನೆರಡು ಇಂಚಿನ ಫಿಲ್ಮು. ಲೈಟ್‌ಬಾಕ್ಸಿನ ಮೇಲಿಟ್ಟು ಭೂತಗನ್ನಡಿ ಹಿಡಿದೆ.

ಟಚಿಂಗ್ ಎಂದರೆ ಈಗಿನವರಿಗೆ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ. ನೆಗೆಟಿವ್‌ನಲ್ಲಿ ಎಲ್ಲ ತಿರುವುಮುರುವು. ಕಪ್ಪಾದದ್ದು ಅಲ್ಲಿ ತಿಳಿಯಾಗಿ ಕಾಣುತ್ತದೆ. ಪ್ರಿಂಟಿನಲ್ಲಿ ಕಪ್ಪು ಕಲೆಯೊಂದು ಬೇಡವಾದರೆ, ನೆಗೆಟಿವ್‌ನ ಆ ತಿಳಿ ಜಾಗವನ್ನು ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಚುಕ್ಕಿ ಚುಕ್ಕಿ ತುಂಬಬೇಕು. ಮದುಮಗಳ ಮೊಡವೆ, ಮುದುಕರ ಸುಕ್ಕು, ಎಲ್ಲವೂ ಹೀಗೇ ಮಾಯವಾಗುತ್ತಿದ್ದವು. ಈ ಕೆಲಸದಲ್ಲಿ ಕುಂದಾಪುರದಿಂದ ಬೈಂದೂರಿನವರೆಗೆ ನನ್ನ ಸಮಕ್ಕೆ ಯಾರೂ ಇರಲಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ, ಹೇಳಲು ಬೇರೇನೂ ಇಲ್ಲ.

ಆ ಚಿತ್ರದ ನಡುವಿನಲ್ಲಿ ಕಲೆಗಳಿದ್ದವು. ಹದಿನೈದೋ ಇಪ್ಪತ್ತೋ, ಹೊಗೆಯಂಥ ಗುರುತುಗಳು. ಕೆಲವು ಗಿಡ್ಡ, ಕೆಲವು ಉದ್ದಕ್ಕೆ ಎಳೆದ ಹಾಗೆ. "ಹೊಯ್ಗಿ ಎಲ್ಲ ಕೊಳಕಾಯಿತ್, ಕ್ಲೀನ್ ಮಾಡ್," ಅಂದಿದ್ದರು ಧಣಿಗಳು. ಮಾಡಿದೆ. ಹದಿನಾಲ್ಕು ದಿನ ಹಿಡಿಯಿತು. ನೀರು ಹಾಲಾಗುವ ಲೆಕ್ಕವನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ ನಾನು, ಅದೇ ಎಂಟ್ಹತ್ತು ಸೆಕೆಂಡಿನಲ್ಲಿ ಬಗ್ಗಿ ಎದ್ದು ಸರಿದು ಹೆಕ್ಕುವ ಹೆಂಗಸು ಏನಾಗುತ್ತಾಳೆ ಎಂದು ಯೋಚಿಸಲಿಲ್ಲ ಅಂದರೆ ಯಾರಾದರೂ ನಂಬಬೇಕೇ? ಕೆಲಸ ಮಾಡುವವರು ಮಸುಕಾಗುತ್ತಾರೆ. ಸುಮ್ಮನಿದ್ದ ಕಲ್ಲಿಗೆ ಪಾಚಿ ಸಮೇತ ಗುರುತು ಉಳಿಯುತ್ತದೆ.

ಬಣ್ಣದಂಗಡಿಯಿಂದ ಟರ್ಪೆಂಟೈನ್ ತಂದೆ. ಹತ್ತಿಗೆ ತಾಗಿಸಿ, ಒಂದು ಮೂಲೆಯಿಂದ ಶುರುಮಾಡಿದೆ. ಪೆನ್ಸಿಲಿನ ಸೀಸ ಬೂದಿಯ ಹಾಗೆ ಹತ್ತಿಗೆ ಬಂತು. ಹಾಕುವುದಕ್ಕಿಂತ ತೆಗೆಯುವುದು ಸುಲಭ. ಒಂದೊಂದೇ ಹೊಗೆ ಗುರುತು ಎದ್ದು ಬಂತು. ಗೊತ್ತಿದ್ದವರು ಮಾತ್ರ ಬುಟ್ಟಿ ಎನ್ನಬಹುದಾದ ಉರುಟು ಚುಕ್ಕೆಯೂ ಕಂಡಿತು, ಒಂದಲ್ಲ ನಾಲ್ಕು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಸಂಜೆಯ ಒಳಗೆ ಎಲ್ಲ ಮುಗಿಸಿ, ಕ್ಯಾಮೆರಾದಲ್ಲಿ ನೆಗೆಟಿವ್‌ನ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ತಿರುಗಿಸಿ ಪ್ರಿಂಟು ಹಾಕಿದೆ.

ಎಲ್ಲ ಎಂದೆ. ಎಲ್ಲ ಅಲ್ಲ. ನಡುವಿನಲ್ಲಿ ಒಂದನ್ನು ಹಾಗೇ ಬಿಟ್ಟೆ. ಅದಕ್ಕೆ ಪೆನ್ಸಿಲು ಸಾಲದೆ ನೆಗೆಟಿವ್‌ನ ಬೆನ್ನಿಗೆ ಕುಂಚದಿಂದ ಕೆಂಪು ಬಣ್ಣ ಹಚ್ಚಿದ್ದೆ. ಕೆಂಪನ್ನು ದಾಟಿ ಬೆಳಕು ಕಾಗದಕ್ಕೆ ತಾಗುವುದಿಲ್ಲ, ಅಲ್ಲಿ ಬರೀ ಬಿಳಿ ಹೊಯ್ಗೆ. ಉಳಿದವನ್ನು ಕಲೆ ಎಂದು ತಿಳಿದಿದ್ದೆ ಅಂದರೆ ಜನ ಒಪ್ಪುತ್ತಾರೆ. ಇದನ್ನು ತೆಗೆದರೆ ಹಾಗೆ ಹೇಳಲು ಬರುವುದಿಲ್ಲ. ಇಷ್ಟೇ ಸಾಕು, ಅವರಿಗೂ ಆಯಿತು, ನನ್ನ ಮರ್ಯಾದೆಯೂ ಉಳಿಯಿತು ಎಂದುಕೊಂಡು ಲಕೋಟೆ ಮುಚ್ಚಿದೆ.

ಸೋಮವಾರ ತಾಲೂಕು ಆಫೀಸಿನಲ್ಲಿ ಹನ್ನೊಂದಕ್ಕೆ ಕರೆಯುತ್ತೇವೆ ಎಂದವರು ಎರಡು ಗಂಟೆಗೆ ಕರೆದರು. ಬೆಂಚಿನಲ್ಲಿ ಕೂತು ಕೂತು ಸೊಂಟ ಹಿಡಿಯಿತು. ಸುಗುಣಳೂ ಇನ್ನೂ ಐದಾರು ಹೆಂಗಸರೂ ಗೋಡೆ ಬದಿಗೆ ಕೂತಿದ್ದರು. ಅವತ್ತಿನ ಇಳಿತ ಅವರಿಗೆ ಹೋಯಿತು. ಸುಧೀರ ಒಂದು ಸಲ ಬಂದು, "ನೀವ್ ಎಂತಕ್ಕೆ ಬಂದದ್ ರಾಜೀವಣ್ಣ, ಕಾಗ್ದ ಸಾಕಿತ್ತಲೆ," ಎಂದು ವಿಚಾರಿಸಿ ಹೋದ.

ವಿಚಾರಣೆ ನಡೆಸಿದವರು ಬಯಲುಸೀಮೆಯ ಕಡೆಯ ಒಬ್ಬ ಅಧಿಕಾರಿಣಿ. ಅವರ ಮುಖದಲ್ಲೂ ಸುಸ್ತಿತ್ತು. ಮೇಜಿನ ಮೇಲಿನ ಫೈಲುಗಳ ಎತ್ತರ ನೋಡಿದರೆ ಕಾರಣ ಬೇರೆ ಕೇಳಬೇಕಾಗಿರಲಿಲ್ಲ. ನಾನು ಹೊಸ ಪ್ರಿಂಟನ್ನು ಮುಂದಿಟ್ಟು, ಇದು ಅಂಚಿಗೆ ಬೂಷ್ಟು ಹಿಡಿದ ಹಳೇ ನೆಗೆಟಿವ್‌ನಿಂದ ಮಾಡಿದ್ದು, ಮೊದಲು ಬರೆದುಕೊಟ್ಟ ಕಾಗದ ತಪ್ಪು, ಆ ಪಟ ಯಥಾವತ್ ಅಲ್ಲ, ನಡುವಿನ ಗುರುತುಗಳನ್ನು ಅಳಿಸಿದವನು ನಾನು, ಅವು ಚಿಪ್ಪು ಹೆಕ್ಕುವ ಜನ ಎಂದು ಹೇಳಿದೆ.

ಕಂಪನಿಯ ವಕೀಲರು ಪ್ರಿಂಟನ್ನು ಕೈಗೆತ್ತಿಕೊಂಡರು. "ಮೇಡಂ, ಇವು ಮನುಷ್ಯರು ಅಂತ ಹೇಗೆ ಹೇಳೋದು? ತಲೆ ಇಲ್ಲ, ಕೈಕಾಲಿಲ್ಲ. ಐವತ್ತು ವರ್ಷದ ಹಳೇ ಫಿಲ್ಮು, ಬೂಷ್ಟು ಹಿಡಿದಿದೆ ಅಂತ ಇವರೇ ಒಪ್ಪುತ್ತಾರೆ. ಮೇಲಾಗಿ ಕಂಪ್ಯೂಟರಿನಲ್ಲಿ ಮಾಡಿದ ಪ್ರಿಂಟು. ಇವತ್ತಿನ ದಿನ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದು."

ಅಧಿಕಾರಿಣಿ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನನಗೂ ಕಲೆ ಹಾಗೇ ಕಾಣುತ್ತೆ ರಾಜೀವ ಅವರೇ. ಬೇರೆ ಏನಾದರೂ ಇದೆಯಾ?"

ಸುಗುಣ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ ಕೂತಿದ್ದಳು. ಇಲ್ಲ ಎಂದರೆ ಮುಗಿಯಿತು, ಸಂಜೆಯ ಹೊತ್ತಿಗೆ ಮನೆಗೆ ಹೋಗಿ ಮಲಗಬಹುದು ಎಂದು ನಿಜವಾಗಿಯೂ ಅನ್ನಿಸಿತು. ಮಲಗುವ ಆಸೆ ಅಷ್ಟಿತ್ತು.

"ಇದೆ," ಅಂದೆ. "ಸ್ವಲ್ಪ ನೀರು ಬೇಕು."

ಪಿಯೋನು ಕುಡಿಯಲು ಎಂದುಕೊಂಡು ಲೋಟದಲ್ಲಿ ತಂದುಕೊಟ್ಟ. ಲಕೋಟೆಯಿಂದ ನೆಗೆಟಿವ್ ತೆಗೆದು ಬೆನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟೆ. ಕರವಸ್ತ್ರದ ತುದಿ ಒದ್ದೆ ಮಾಡಿ ನಡುವಿನ ಕೆಂಪು ಚುಕ್ಕೆಯ ಮೇಲೆ ಒತ್ತಿದೆ. ಉಜ್ಜಲಿಲ್ಲ, ಒತ್ತಿ ಒತ್ತಿ ತೆಗೆದೆ. ಕರವಸ್ತ್ರ ಕೆಂಪಾಯಿತು. ಆಮೇಲೆ ನೆಗೆಟಿವ್‌ನ ಅಂಚು ಹಿಡಿದು ಕಿಟಕಿಗೆ ಎತ್ತಿದೆ.

ಅಧಿಕಾರಿಣಿ ಕುರ್ಚಿಯಿಂದ ಎದ್ದು ಬಂದರು. ಫಿಲ್ಮಿನ ಕಪ್ಪು ಹೊಯ್ಗೆಯ ನಡುವೆ, ಎಲ್ಲ ಗೆರೆಗಳೂ ಬಂದು ಸೇರುವಲ್ಲಿ, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಒಬ್ಬ ಹೆಂಗಸು ಬೆಳ್ಳಗೆ ನಿಂತಿದ್ದಳು. ತಲೆಗೂದಲಿನ ಗಂಟು, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ, ಸೊಂಟದ ಮೇಲೆ ಒಂದು ಕೈ. ನಮಗೆ ಬೆನ್ನು, ಮುಖ ಪಡುವಣಕ್ಕೆ. ಅಷ್ಟು ದೂರದಿಂದಲೂ ಅವಳ ಮೊಣಕೈಯ ಕೋನ ಕಲ್ಲಿನಷ್ಟೇ ಚೂಪಾಗಿತ್ತು.

"ಇದನ್ನೂ ಕಲೆ ಅಂತ ತಿಳಿದು ಅಳಿಸಿದಿರಾ?" ಅಧಿಕಾರಿಣಿ ಕೇಳಿದರು.

ಹೌದು ಅನ್ನಬಹುದಿತ್ತು. ಅವರು ಬರೆದುಕೊಳ್ಳುತ್ತಿದ್ದರು.

"ಇಲ್ಲ," ಅಂದೆ. "ಇದು ಹೆಂಗಸು ಅಂತ ಗೊತ್ತಿತ್ತು. ಅವಳು ಅಲ್ಲಿ ಯಾಕೆ ನಿಂತಿದ್ದಾಳೆ ಅಂತಲೂ ಗೊತ್ತಿತ್ತು. ನನ್ನ ತಾಯಿ ಅದೇ ಕೆಲಸ ಮಾಡುತ್ತಿದ್ದಳು, ಹೀಗೇ ನಿಲ್ಲುತ್ತಿದ್ದಳು. ಧಣಿಗಳ ಎದುರು ಅದು ನನಗೆ ನಾಚಿಕೆ ಅನ್ನಿಸಿತು. ಇವಳೊಬ್ಬಳಿಗೇ ಎರಡು ದಿನ ಹಿಡಿಯಿತು."

ಪಿಯೋನು ಕುರ್ಚಿ ಎಳೆದುಕೊಟ್ಟ.

"ಉಳಿದವರೆಲ್ಲ ಮಸುಕಾದರೆ ಇವಳೊಬ್ಬಳು ಮಾತ್ರ ಹೇಗೆ ಅಲ್ಲಾಡದೆ ನಿಂತಳು?" ಅಧಿಕಾರಿಣಿ ಈ ಸಲ ಹೆಂಗಸರ ಕಡೆ ತಿರುಗಿ ಕೇಳಿದರು.

ಸುಗುಣ ಎದ್ದು ಬಂದು ನೆಗೆಟಿವ್ ನೋಡಿದಳು. ಬಹಳ ಹೊತ್ತೇನೂ ನೋಡಲಿಲ್ಲ. "ಅದ್ ನೀರ್ ಕಾಂಬ ಹೆಣ್ಣ್," ಅಂದಳು. "ಅದ್ ಅಲ್ಲಾಡುಕಿಲ್ಲೆ ಅಮ್ಮ. ಅದ್ ಅಲ್ಲಾಡ್ರೆ ಹೆಕ್ಕುವರ್ ಎಲ್ಲ ನೀರ್ ಬಂತ್ ಅಂದೇಳಿ ಓಡ್ತ್ರ್." ಆಮೇಲೆ ಆ ಪದ್ಧತಿಯನ್ನು ಹೇಳಿದಳು, ಸರದಿ, ಕೂಗು, ಬೊಗಸೆ ಚಿಪ್ಪು. ಹೇಳುತ್ತಾ ಅವಳ ಒಂದು ಕೈ ತಾನಾಗಿ ಸೊಂಟಕ್ಕೆ ಹೋಗಿತ್ತು. ಅಧಿಕಾರಿಣಿ ಒಮ್ಮೆ ಫಿಲ್ಮನ್ನು, ಒಮ್ಮೆ ಆ ಮೊಣಕೈಯನ್ನು ನೋಡಿದರು. ಹೆಕ್ಕುವವರು ಇಲ್ಲದೆ ನೀರು ಕಾಯುವವಳು ಯಾಕೆ ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ವಕೀಲರು ಕಾಗದ ಜೋಡಿಸಿಕೊಂಡರು.

ಕೊನೆಯ ತೀರ್ಮಾನಕ್ಕೆ ಇನ್ನೂ ಸಮಯವಿದೆ. ಸ್ಥಳ ನೋಡಬೇಕು, ಮೇಲಿನವರಿಗೆ ವರದಿ ಹೋಗಬೇಕು. ಅಲ್ಲಿಯವರೆಗೆ ಕಂಬ ನೆಡಬಾರದು, ಹೆಂಗಸರನ್ನು ತಡೆಯಬಾರದು ಎಂದು ಅವತ್ತೇ ಬರೆದುಕೊಟ್ಟರು. ನನ್ನ ಹೇಳಿಕೆಯನ್ನು ಟೈಪು ಮಾಡಿಸಿ ಸಹಿ ಹಾಕಿಸಿಕೊಂಡರು. 'ಗೊತ್ತಿದ್ದೂ ಅಳಿಸಿರುತ್ತೇನೆ' ಎಂಬ ಸಾಲಿನ ಕೆಳಗೇ ಸಹಿಯ ಜಾಗ ಬಂದಿತ್ತು.

ಹೊರಗೆ ಸುಧೀರ ಬೈಕಿನ ಹತ್ತಿರ ನಿಂತಿದ್ದ. ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು ಅವನ ಮುಖದಲ್ಲಿ.

"ನಿಮ್ ಹೆಸ್ರ್ ನೀವೇ ಹಾಳ್ ಮಾಡ್ಕಂಡ್ರಿ ರಾಜೀವಣ್ಣ."

"ಹಾಳ್ ಮಾಡ್ಕಂಬುಕೆ ಎಂತ ಉಳ್ದಿತ್ ಮಾರಾಯ," ಅಂದೆ. ಆದರೂ ಚುಚ್ಚಿತು. ಆ ವಾರವೇ ಬ್ರಹ್ಮಾವರದ ಕ್ಲಬ್ಬಿನವರು ಫೋನು ಮಾಡಿ, ಮುಂದಿನ ತಿಂಗಳ ನನ್ನ ಭಾಷಣವನ್ನು ಸದ್ಯಕ್ಕೆ ಮುಂದೂಡಿದ್ದೇವೆ ಎಂದು ಬಹಳ ಗೌರವದಿಂದ ಹೇಳಿದರು. ಅವರನ್ನು ದೂರಲಾರೆ. ನಾನು ಐವತ್ತು ವರ್ಷ ಹೊಗಳಿದ ಖಾಲಿ ಜಾಗ ದೊರೆಯದಲ್ಲ, ನನ್ನದು. ಆ ದೊರೆ ಎಲ್ಲ ಗೆರೆಗಳನ್ನೂ ಕರೆತಂದು ಸೇರಿಸಿದ್ದು ಅವಳ ಕಾಲ ಬುಡಕ್ಕೆ. ಅವಳಿರುವುದರಿಂದಲೇ ಅವನು ಮೂರುಕಾಲಿನ ಸ್ಟ್ಯಾಂಡನ್ನು ಅಲ್ಲಿ ನಿಲ್ಲಿಸಿರಬೇಕು. ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ಒಂದು ಜೀವಮಾನ ಬೇಕಾಯಿತು.

ಮುಂದಿನ ಅಮಾವಾಸ್ಯೆಯ ಇಳಿತಕ್ಕೆ ಬೆಳಿಗ್ಗೆಯೇ ಬಸ್ಸು ಹಿಡಿದು ತಲ್ಲೂರಿನಲ್ಲಿ ಇಳಿದು ಹೊಳೆಗೆ ಹೋದೆ. ಕ್ಯಾಮೆರಾ ಹೆಗಲಲ್ಲಿತ್ತು. ಅಧಿಕಾರಿಣಿ ಬೇಕಾದರೆ ಈಗಿನ ಫೋಟೋವೂ ಇರಲಿ ಅಂದಿದ್ದರು. ಹೆಂಗಸರು ಆಗಲೇ ಇಳಿದಿದ್ದರು. ಚಪ್ಪಲಿ ದಡದಲ್ಲಿ ಬಿಟ್ಟು, ಪ್ಯಾಂಟು ಮಡಚಿ, ಕಾಲುವೆ ದಾಟಿ ದಿಬ್ಬಕ್ಕೆ ಹತ್ತುವಷ್ಟರಲ್ಲಿ ನನಗೆ ಏದುಸಿರು ಬಂದಿತ್ತು. ಎಪ್ಪತ್ತೆರಡು ವರ್ಷದಲ್ಲಿ ನಾನು ಆ ಹೊಯ್ಗೆಗೆ ಕಾಲಿಟ್ಟದ್ದು ಸಣ್ಣವನಿದ್ದಾಗ ಬಿಟ್ಟರೆ ಅದೇ ಮೊದಲು.

ನಾಲ್ಕೈದು ಫೋಟೋ ತೆಗೆದೆ. ಈಗಿನ ಕ್ಯಾಮೆರಾದಲ್ಲಿ ಯಾರೂ ಮಸುಕಾಗುವುದಿಲ್ಲ. ಸುಗುಣ ಬಗ್ಗಿದಲ್ಲಿಂದ ತಲೆಯೆತ್ತಿದಳು.

"ರಾಜೀವಣ್ಣ, ಇವತ್ ಒಂದ್ ಜನ ಕಮ್ಮಿ. ನೀವ್ ಹೆಂಗೂ ನಿತ್ಕಂಡಿದ್ರಿ. ನೀರ್ ಕಾಣಿ."

ನನ್ನ ಕಣ್ಣಿನ ಕಥೆ ಹೇಳೋಣ ಎಂದುಕೊಂಡೆ. ಹೇಳಲಿಲ್ಲ. ದಿಬ್ಬದ ನಡುವಿಗೆ ಹೋಗಿ ಪಡುವಣಕ್ಕೆ ಮುಖ ಮಾಡಿ ನಿಂತೆ. ಹತ್ತು ನಿಮಿಷಕ್ಕೆ ಮಂಡಿ ಕೂಗತೊಡಗಿತು, ಇಪ್ಪತ್ತಕ್ಕೆ ಸೊಂಟ. ಕೂರುವಂತಿಲ್ಲ, ನಡೆದಾಡುವಂತಿಲ್ಲ. ಕೈ ತನ್ನಷ್ಟಕ್ಕೆ ಸೊಂಟಕ್ಕೆ ಹೋಯಿತು. ಅದು ಚೆಂದಕ್ಕೆ ಇಡುವ ಕೈಯಲ್ಲ, ನೋವಿಗೆ ಇಡುವ ಕೈ ಎಂದು ಆಗ ಗೊತ್ತಾಯಿತು. ಬೆನ್ನ ಹಿಂದೆ ಗೆರಟೆ ಕೆರೆಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅಷ್ಟು ಜನರ ಜೀವ ನನ್ನ ಒಂದೂವರೆ ಕಣ್ಣಿನ ಮೇಲಿತ್ತು, ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ನನ್ನ ಅಮ್ಮ ಹೀಗೆ ಎಷ್ಟು ಸಲ ನಿಂತಳೋ. ಅವಳು ಪಟದಲ್ಲಿ ಹುಡುಕಿದ್ದು ಇದನ್ನು.

ತುಂಬ ಹೊತ್ತಾದ ಮೇಲೆ ನೀರಿನ ಅಂಚು ಒಂದು ಕಲ್ಲನ್ನು ಮುಚ್ಚಿತು. ಮತ್ತೊಮ್ಮೆ ನೋಡಿ ಖಾತ್ರಿ ಮಾಡಿಕೊಂಡೆ.

"ಹ್ವಾಯ್, ಭರ್ತ ಬಂತ್," ಎಂದು ಕೂಗಿದೆ. ಗಂಟಲು ಒಡೆಯಿತು, ಆದರೂ ಕೇಳಿಸಿತು. ಎಲ್ಲರೂ ಸೊಂಟ ಹಿಡಿದು ಎದ್ದರು.

ದಡದಲ್ಲಿ ಕೂತು ಪಾದದ ಕೆಸರು ತೊಳೆಯುತ್ತಿದ್ದೆ. ಸುಗುಣ ಬಂದು ಒಂದು ಬೊಗಸೆ ಚಿಪ್ಪನ್ನು ನನ್ನ ಮುಂದೆ ಸುರಿದಳು. ಹಿಂದಿನಿಂದ ಇನ್ನೊಬ್ಬಳು, ಮತ್ತೊಬ್ಬಳು. ಬುಟ್ಟಿ ಎಲ್ಲಿ ಎಂದು ಕೇಳಿದರು. ನನ್ನ ಹತ್ತಿರ ಬುಟ್ಟಿ ಇರಲಿಲ್ಲ. ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡೆ, ಚೀಲದ ಬಾಯಿ ಅಗಲ ಮಾಡಿ ಅವರ ಮುಂದೆ ಹಿಡಿದೆ.